ಮೆಷಿನ್ ಬೇಡವೆಂದ ಅಕ್ಕ

ಅಕ್ಕ ರಾತ್ರಿ ತಂಗಿಯನ್ನು ಎಬ್ಬಿಸುತ್ತಿದ್ದುದು ನೀರಿಗಲ್ಲ, ಔಷಧಿಗೂ ಅಲ್ಲ. "ಏಯ್, ನಿದ್ದೆ ಬಂತಾ?" ಎಂದು ಕೇಳುವುದಕ್ಕೆ. ಬಂದಿದ್ದ ನಿದ್ದೆ ಅಲ್ಲಿಗೆ ಹಾರಿಹೋಗುತ್ತಿತ್ತು. ಶ್ವಾಸಕೋಶ ಕೆಟ್ಟು ಅಕ್ಕ ಹಾಸಿಗೆ ಹಿಡಿದ ವರ್ಷವೇ ತಂಗಿ ತನ್ನ ಟೈಲರಿಂಗ್ ಅಂಗಡಿಯ ಬಾಗಿಲು ಹಾಕಿದ್ದಳು, ಸ್ವಲ್ಪ ದಿನದ ಮಟ್ಟಿಗೆ ಎಂದುಕೊಂಡು. ಈಗ ಹೊಲಿಗೆ ಯಂತ್ರದ ಮೇಲೆ ಅಕ್ಕನ ಡಯಾಪರ್ ಕಟ್ಟುಗಳು ಕೂತಿದ್ದವು. ದ್ವೇಷವೇನೂ ಇರಲಿಲ್ಲ. ಸಾಕಾಗಿಹೋಗಿತ್ತು, ಅಷ್ಟೇ. ಸಾಕಾಗಿಹೋದವರು ದ್ವೇಷಿಸುವವರಿಗಿಂತ ಅಚ್ಚುಕಟ್ಟಾಗಿ ಯೋಚಿಸುತ್ತಾರೆ.

ದಾರಿ ತೋರಿಸಿದ್ದು ಅಕ್ಕನೇ. ರೇಡಿಯೋದಲ್ಲಿ ಯಾರದೋ ಮಾತು ಕೇಳಿ, ಮುಂದೆ ಪ್ರಜ್ಞೆ ತಪ್ಪಿದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬುದನ್ನು ಈಗಲೇ ಬರೆದಿಡಬೇಕೆಂದು ಹಟ ಹಿಡಿದಳು. ವಕೀಲರು ಮನೆಗೇ ಬಂದರು. ಒಂದು ಕಾಲದ ಹೆಡ್‌ಮಿಸ್ಟ್ರೆಸ್ ಅಲ್ಲವೇ, ಅಕ್ಕ ಅವರ ವಾಕ್ಯಗಳನ್ನೂ ತಿದ್ದಿದಳು.

"ಎಚ್ಚರ ಆಗೋದೇ ಇಲ್ಲ ಅಂತಾದ್ರೆ ಮೆಷಿನ್ ಹಾಕಿ ಉಸಿರಾಡಿಸೋದು ಬೇಡ. ಅಷ್ಟೇ ಬರೀರಿ, ಸುತ್ತಿ ಬಳಸಬೇಡಿ."

"ನಿಮ್ಮ ಪರವಾಗಿ ಯಾರು ಮಾತಾಡ್ಬೇಕು?" ವಕೀಲರು ಕೇಳಿದರು.

"ಇವಳೇ. ಇಷ್ಟು ವರ್ಷ ನನ್ನನ್ನ ಉಳಿಸ್ಕೊಂಡು ಬಂದಿದ್ದಾಳೆ. ಇವಳು ಸಾಕು ಅಂದ್ರೆ ಸಾಕು."

ತಂಗಿ ಚಹಾ ತರುವ ನೆಪ ಮಾಡಿ ಒಳಗೆ ಹೋದಳು. ನಿಜವಾಗಿಯೂ ಅಳು ಬಂದಿತ್ತು. ಅತ್ತು ಮುಗಿಸುವಷ್ಟರಲ್ಲಿ ಉಪಾಯವೂ ಹೊಳೆದಿತ್ತು.

ನಿದ್ದೆಗೆಂದು ಡಾಕ್ಟರು ತಂಗಿಗೆ ಬರೆದುಕೊಟ್ಟ ಮಾತ್ರೆಗಳು ಹಾಗೇ ಉಳಿದಿದ್ದವು. ಅಕ್ಕ ಗಳಿಗೆಗೊಮ್ಮೆ ಕರೆಯುವ ಮನೆಯಲ್ಲಿ ಅವನ್ನು ನುಂಗುವುದಾದರೂ ಹೇಗೆ? ಅವು ಅಕ್ಕನ ಹಾಲಿಗೆ ಹೋಗಬೇಕು. ಸೋತ ಶ್ವಾಸಕೋಶಕ್ಕೆ ಅಷ್ಟು ಸಾಕು. ಆದರೆ ಮನೆಯಲ್ಲೇ ಜೀವ ಹೋದರೆ ನೂರೆಂಟು ಪ್ರಶ್ನೆ. ಅದಕ್ಕೆ ಆಸ್ಪತ್ರೆಗೆ ತಾನೇ ಓಡಬೇಕು, ಅವರು ಮೆಷಿನ್ ಹಾಕಬೇಕು, ಆಮೇಲೆ ತಾನು ಅಕ್ಕ ಬರೆಸಿದ ಈ ಪತ್ರ ಕೊಡಬೇಕು. ಬೇಡವೆಂದದ್ದು ಅಕ್ಕ, ಮೆಷಿನ್ ತೆಗೆಯುವುದು ಡಾಕ್ಟರು. ನಡುವೆ ಕಣ್ಣೊರೆಸಿಕೊಳ್ಳುವುದಷ್ಟೇ ತನ್ನ ಕೆಲಸ. ಆಮೇಲೆ ಮನೆಗೆ ಬಂದು ಬಾಗಿಲು ಹಾಕಿಕೊಂಡು ಮಲಗಬೇಕು. ಅವಳ ಆಸೆಯೆಲ್ಲ ಅಲ್ಲಿಗೆ ಮುಗಿಯುತ್ತಿತ್ತು.

ಎಲ್ಲ ಅಂದುಕೊಂಡ ಹಾಗೇ ನಡೆಯಿತು. ಸಂಜೆ ಅಕ್ಕ ಹಾಲು ಕುಡಿದು, ಸಕ್ಕರೆ ಸಾಲದೆಂದು ಗೊಣಗಿ ಮಲಗಿದಳು. ಬೆಳಿಗ್ಗೆ ಅಲುಗಾಡಿಸಿದರೂ ಕಣ್ಣು ತೆರೆಯಲಿಲ್ಲ. ಆಂಬ್ಯುಲೆನ್ಸ್ ಬಂತು. ಆಸ್ಪತ್ರೆಯಲ್ಲಿ ಹಳೆಯ ಎಕ್ಸ್-ರೇ ನೋಡಿದ ಡಾಕ್ಟರು, "ಶ್ವಾಸಕೋಶ ಕೈಕೊಟ್ಟಿದೆ, ಯಾವತ್ತಾದ್ರೂ ಆಗೋದೇ ಇತ್ತು," ಎಂದರು. ಬೇರೆ ಏನನ್ನೂ ಕೇಳಲಿಲ್ಲ. ಅಕ್ಕನ ಬಾಯಿಗೆ ನಳಿಕೆ ಇಳಿಸಿ ಮೆಷಿನ್‌ಗೆ ಜೋಡಿಸಿದರು. ಮಧ್ಯಾಹ್ನ ತಂಗಿ ಪತ್ರ ಮುಂದಿಟ್ಟಳು. ಕಣ್ಣೊರೆಸಿಕೊಂಡಳು, ಅದೂ ಚೆನ್ನಾಗಿಯೇ ಕಂಡಿತು.

ಡಾಕ್ಟರು ನಿಧಾನವಾಗಿ ಓದಿ ತಲೆದೂಗಿದರು. "ನಿಮ್ಮಕ್ಕನ ಮಾತು ಖಂಡಿತ ನಡೆಸ್ತೀವಿ ಅಮ್ಮಾ. ಈ ಪತ್ರ ಇರ್ಲಿಲ್ಲ ಅಂದಿದ್ರೆ ಶ್ವಾಸಕೋಶದ್ದೇ ತೊಂದ್ರೆ ಅಂದ್ಕೊಂಡು ಸುಮ್ನಿರ್ತಿದ್ವಿ. ಈಗ ಮೆಷಿನ್ ತೆಗೀಬೇಕು ಅಂದ್ರೆ, ಪ್ರಜ್ಞೆ ತಪ್ಪಿರೋದು ಯಾವುದಾದ್ರೂ ನಿದ್ದೆ ಮಾತ್ರೆಯಿಂದ ಅಲ್ಲ ಅಂತ ಮೊದ್ಲು ರಕ್ತ ಪರೀಕ್ಷೆ ಮಾಡ್ಲೇಬೇಕು. ಹಾಗೇನಾದ್ರೂ ಇದ್ರೆ ಒಳ್ಳೇದೇ, ಎಚ್ಚರ ಆಗ್ತಾರೆ." ಅಷ್ಟರಲ್ಲಾಗಲೇ ನರ್ಸ್ ಅಕ್ಕನ ತೋಳಿನಿಂದ ರಕ್ತ ತೆಗೆದು ಲ್ಯಾಬಿಗೆ ಹೊರಟಿದ್ದಳು. "ತುಂಬಾ ಸುಸ್ತಾಗಿದ್ದೀರಿ," ಎಂದರು ಡಾಕ್ಟರು. "ರಿಪೋರ್ಟ್ ಬರೋವರೆಗೆ ಇಲ್ಲೇ ಸ್ವಲ್ಪ ಮಲಗಿ."