ಪರದೆಯ ಹಿಂದಿನ ವೀಣೆ

"ಈ ಪರದೆ ಯಾರಿಗೆ ಕಟ್ಟಿರೋದು?"

ಇಂದ್ರಮ್ಮ ಬಾಗಿಲಲ್ಲೇ ನಿಂತು ಕೇಳಿದಳು. ಹಜಾರದ ವೇದಿಕೆಗೆ ಅಡ್ಡಲಾಗಿ ಹಸಿರು ಪರದೆ ಇಳಿಬಿಟ್ಟಿದ್ದರು. ಮುಂದೆ, ನಟ್ಟನಡುವೆ ಒಂದು ಜಮಖಾನ. ಹಿಂದೆ ಗೋಡೆಯ ಪಕ್ಕ ಅವಳ ವೀಣೆ!

"ನಿಮ್ಗೇ ಕಣಮ್ಮ" ಎಂದಳು ಅಡುಗೆಯ ಚಿಕ್ಕಲಕ್ಷ್ಮಮ್ಮ. "ಹೆಣ್ಮಗಳು ಗಂಡಸ್ರ ಮುಂದೆ ಹೆಂಗೆ ಕುಂತು ನುಡಿಸ್ತಾಳೆ ಅಂತ ಯಜಮಾನ್ರು ಕಟ್ಸವ್ರೆ. ಪಿಟೀಲು ಮೇಷ್ಟ್ರೂ ಊಂ ಅಂದ್ಬುಟ್ರಂತೆ."

ನಂದೀಶ್ವರಯ್ಯ... ಅವನು ಒಪ್ಪಿದನೇ?

ಮಧುಗಿರಿಯ ವಕೀಲ ಶಂಕರಲಿಂಗಪ್ಪನವರ ಮನೆಯಲ್ಲಿ ಪ್ರತಿ ಬೇಸಿಗೆ ಹದಿನೈದು ದಿನ ಸಂಗೀತ. ಹೊರಗಿನ ವಿದ್ವಾಂಸರು ಬಂದು ಬೆಳಿಗ್ಗೆ ಪಾಠ ಹೇಳುತ್ತಿದ್ದರು, ಸಂಜೆ ಹಜಾರದಲ್ಲೇ ನುಡಿಸುತ್ತಿದ್ದರು. ೧೯೩೮ರ ಬೇಸಿಗೆಯಲ್ಲಿ ಹುಡುಗಿಯರಿಗೆ ವೀಣೆ ಕಲಿಸಲು ತೋವಿನಕೆರೆಯ ಇಂದ್ರಮ್ಮನನ್ನು ಕರೆಸಿದ್ದರು. ಪಿಟೀಲಿನ ನಂದೀಶ್ವರಯ್ಯ ಮೈಸೂರಿನಿಂದ ಬಂದಿದ್ದ. ಕಡೆಯ ದಿನ ಅವಳ ಕಛೇರಿ, ಅವನ ಪಕ್ಕವಾದ್ಯ ಎಂದು ಮಾತಾಗಿತ್ತು. ಹತ್ತು ದಿನ ಒಟ್ಟಿಗೆ ಅಭ್ಯಾಸ ಮಾಡಿದ್ದರು. ಅಷ್ಟರಲ್ಲಿ ಒಬ್ಬರ ಮೇಲೊಬ್ಬರಿಗೆ ಮನಸ್ಸಾಗಿತ್ತು, ಆದರೆ ಬಾಯಿ ಬಿಟ್ಟವರು ಯಾರು?

"ನಿಮ್ಮ ಪಕ್ಕ ಕೂತು ನುಡಿಸೋದೇ ನನ್ನ ಭಾಗ್ಯ" ಎಂದಿದ್ದ ನಿನ್ನೆ. ನಿನ್ನೆಯಷ್ಟೇ!

ಪಿಟೀಲಿನ ಪೆಟ್ಟಿಗೆ ಹಿಡಿದು ಅವನು ಒಳಗೆ ಬಂದ.

"ಬನ್ನಿ, ನಡುವಿನ ಜಾಗ ನಿಮಗೇ ಹಾಸಿದೆ. ಕೂತ್ಕೊಳ್ಳಿ!" ಎಂದಳು ಇಂದ್ರಮ್ಮ.

"ಇಂದ್ರಮ್ಮ, ಸ್ವಲ್ಪ ಕೇಳಿ... ಪರದೆ ಇಲ್ಲದಿದ್ರೆ ಕಛೇರಿನೇ ಬೇಡ ಅಂದ್ರು. ನೀವು ನುಡಿಸೋದಾದ್ರೂ ಉಳೀಲಿ ಅಂತ ಒಪ್ಕೊಂಡೆ."

"ನನ್ನ ಒಂದು ಮಾತು ಕೇಳಿದ್ರಾ?"

ಅವನು ಪೆಟ್ಟಿಗೆಯನ್ನು ಕೆಳಗಿಟ್ಟ.

"ಯಜಮಾನ್ರು ಪರದೆ ಕಟ್ಸಿದ್ದಕ್ಕೆ ನಂಗೆ ಸಂಕಟ ಇಲ್ಲ ಕಣ್ರೀ. ಅವರು ಹೊರಗಿನೋರು. ನೀವೂ ಅವರ ಜೊತೆ ಸೇರಿ ನನ್ನ ಮುಚ್ಚಿಟ್ರಲ್ಲ..."

ನಂಬಿದವನೇ ಹೀಗೆ ಮಾಡಿದರೆ ಯಾರ ಹತ್ತಿರ ಹೇಳಿಕೊಳ್ಳುವುದು?

ಸಂಜೆ ಐದಕ್ಕೆ ಹಜಾರ ತುಂಬಿತು. ಎದ್ದು ಊರಿಗೆ ಹೋಗಿಬಿಡಬಹುದಿತ್ತು. ಆದರೆ ಅವಳ ಶಿಷ್ಯೆಯರು ಕಂಬದ ಪಕ್ಕ ಸಾಲಾಗಿ ಕೂತಿದ್ದರು. ಇಂದ್ರಮ್ಮ ಪರದೆಯ ಹಿಂದೆ ಹೋಗಿ ಕೂತಳು. ವೀಣೆಯನ್ನು ಮಾತ್ರ ಮುಟ್ಟಲಿಲ್ಲ.

ಹೊರಗೆ ನಂದೀಶ್ವರಯ್ಯ ಪಿಟೀಲು ಹಿಡಿದು ವೀಣೆಯ ಶ್ರುತಿಗೆ ಕಾದ. ವೀಣೆ ಮಾತಾಡಲಿಲ್ಲ. ಇನ್ನೂ ಕಾದ. ಜನ ಗುಸುಗುಸು ಎನ್ನತೊಡಗಿದರು.

'ಕಾಯಲಿ! ನನ್ನ ನೋವು ಅವನಿಗೂ ಸ್ವಲ್ಪ ತಟ್ಟಲಿ!' ಎಂದುಕೊಂಡಳು. ಕಣ್ಣೀರು ಮಾತ್ರ ಅವಳ ಮಾತು ಕೇಳದೆ ಇಳಿಯುತ್ತಿತ್ತು.

ಪರದೆಯ ಅಂಚು ಸರಿಯಿತು. ಅವನ ಮುಖ ಬಿಳಿಚಿಕೊಂಡಿತ್ತು.

"ಇದನ್ನ ತೆಗೀಲಾ?"

ಅವಳು ಅವನನ್ನೇ ನೋಡಿದಳು.

"ತೆಗೀರಿ."

ಅವನು ಹಗ್ಗ ಬಿಚ್ಚಿದ, ಪರದೆ ಕೆಳಗೆ ಬಿತ್ತು.

"ಏನ್ರೀ ಮೇಷ್ಟ್ರೇ ಇದು!" ಶಂಕರಲಿಂಗಪ್ಪನವರು ಗುಡುಗಿದರು.

"ಇವರನ್ನ ಕೇಳದೆ ನಿಮಗೆ ಮಾತು ಕೊಟ್ಟೆ ಯಜಮಾನ್ರೇ. ತಪ್ಪು ನಂದು. ಕಛೇರಿ ಇವರದು, ನಾನು ಪಕ್ಕವಾದ್ಯದೋನು. ಪಕ್ಕವಾದ್ಯ ನಟ್ಟನಡುವೆ ಕೂರೋದನ್ನ ನೀವು ಎಲ್ಲಾದ್ರೂ ನೋಡಿದೀರಾ? ಇವರು ಮುಂದೆ ಕೂರೋದು ಬೇಡ ಅಂದ್ರೆ ನಾನೂ ನುಡಿಸಲ್ಲ."

ಹೇಳಿದವನೇ ಜಮಖಾನದ ನಡುವಿದ್ದ ಪಿಟೀಲು ಎತ್ತಿಕೊಂಡು ಒಂದು ಪಕ್ಕಕ್ಕೆ ಹೋಗಿ ಕೂತ.

ಯಜಮಾನರು ಎದ್ದು ಒಳಗೆ ಹೋದರು. ನಾಲ್ಕೈದು ಜನ ಅವರ ಹಿಂದೆ ನಡೆದರು. ಉಳಿದವರು ಕೂತೇ ಇದ್ದರು. ಇಂದ್ರಮ್ಮ ಕಣ್ಣೊರೆಸಿಕೊಂಡು, ವೀಣೆ ತಂದು ನಡುವೆ ಇಟ್ಟು ತಂತಿ ಮೀಟಿದಳು. ಹುಡುಗಿಯರ ಮುಖಗಳು ಹೇಗೆ ಅರಳಿದವು ಅಂತೀರಿ!

ಕಛೇರಿ ಮುಗಿದು ಜನ ಕರಗಿದ ಮೇಲೆ ಅವನು ಮೆಲ್ಲಗೆ ಕೇಳಿದ, "ಕೋಪ ಹೋಯ್ತಾ?"

"ಇಲ್ಲ."

"ನಾಳೆ ತೋವಿನಕೆರೆಗೆ ಬಂದು ನಿಮ್ಮ ತಂದೆಯವರನ್ನ ಕೇಳೋಣ ಅಂತ..."

"ಮತ್ತೆ ಅದೇ ಬುದ್ಧಿ! ನನ್ನ ಕೇಳದೆ?"

ಅವನ ಕಿವಿ ಕೆಂಪಾಯಿತು. "ಇಂದ್ರಮ್ಮ... ನನ್ನ ಮದುವೆ ಆಗ್ತೀರಾ?"

ಅವಳು ವೀಣೆಗೆ ನಿಧಾನವಾಗಿ ಗವಸು ತೊಡಿಸಿದಳು.

"ಆಗ್ತೀನಿ" ಎಂದಳು. "ಈಗ ಹೋಗಿ ಅಪ್ಪನ್ನ ಕೇಳಿ."