ಅವರಿಗೆ ಅನ್ನ ಬೇಡ

"ಒಳಗೆ ಬನ್ನಿ... ಹೆದರ್ಬೇಡಿ. ಇಲ್ಲಿಗೆ ನಮ್ಮವರು ಯಾರೂ ಬರುದಿಲ್ಲ."

ಮೌಂಟ್ ರೋಡಿನ ಆ ಇಟಾಲಿಯನ್ ರೆಸ್ಟೋರೆಂಟಿನ ಬಾಗಿಲು ಹಿಡಿದುಕೊಂಡು ವಿಷ್ಣುಮೂರ್ತಿ ಪಿಸುಗುಟ್ಟಿದ. ಜಯಲಕ್ಷ್ಮಿಯ ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತೆಂದರೆ, ಅವನಿಗೂ ಕೇಳಿಸೀತೇನೋ ಎಂದು ಸೆರಗು ಎಳೆದು ಹೊದ್ದಳು.

ಅರವತ್ತೊಂದನೇ ಇಸವಿಯ ಮದ್ರಾಸಿನಲ್ಲಿ ಉಡುಪಿ ಹೋಟೆಲಿಗೇನು ಬರವೇ? ಆದರೆ ಯಾವುದಕ್ಕೆ ಹೋದರೂ ಗಲ್ಲಾದಲ್ಲಿ ಕೂತವರು ವಿಷ್ಣುಮೂರ್ತಿಯ ಸೋದರಮಾವನಿಗೆ ಏನಾದರೂ ಆಗಲೇಬೇಕು! ಕೀಲ್ಪಾಕಿನಲ್ಲಿದ್ದ ಮಾವನ ಹೋಟೆಲನ್ನು ನೋಡಿಕೊಳ್ಳುತ್ತಿದ್ದವನು ಅವನು. ಎದುರಿನ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದವಳು ಅವಳು. ದಿನಾ ಮಧ್ಯಾಹ್ನ ಆ ಆಫೀಸಿಗೆ ಕಾಫಿಯನ್ನು ತಾನೇ ಹೊತ್ತು ತರಲು ಅವನಿಗೆ ಬೇರೆ ಕೆಲಸ ಇರಲಿಲ್ಲವೇ? ಬೇಕಾದಷ್ಟಿತ್ತು. ಆದರೂ ತರುತ್ತಿದ್ದ.

ಜಯಲಕ್ಷ್ಮಿ ವಿಧವೆ. ಮದುವೆಯಾಗಿ ವರ್ಷ ತುಂಬುವ ಮೊದಲೇ ಗಂಡ ಟೈಫಾಯ್ಡಿನಲ್ಲಿ ಹೋದ. ಟ್ರಿಪ್ಲಿಕೇನಿನ ತವರುಮನೆಗೆ ವಾಪಸು ಬಂದವಳ ತಲೆ ಬೋಳಿಸಲು ಅಪ್ಪ ಬಿಡಲಿಲ್ಲ, ಕೆಲಸಕ್ಕೂ ಕಳಿಸಿದರು. ಅಷ್ಟರ ಮಟ್ಟಿಗೆ ಒಳ್ಳೆಯವರೇ.

ಆದರೆ ರಾತ್ರಿ ಅವಳಿಗೆ ಅನ್ನವಿಲ್ಲ. ಗಂಡ ಸತ್ತವಳು ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟಬಾರದು ಎಂಬುದು ಅವರ ಮನೆತನದ ನಿಯಮ. ಎಲ್ಲರೂ ಸಾಲಾಗಿ ಕೂತು ಬಿಸಿ ಬಿಸಿ ಸಾರು-ಅನ್ನ ಉಣ್ಣುವಾಗ, ಅಡುಗೆಮನೆಯ ಮೂಲೆಯಲ್ಲಿ ಇವಳೊಬ್ಬಳೇ ಕೂತು ಅವಲಕ್ಕಿ ತಿನ್ನಬೇಕು. ಅದಕ್ಕೆ ಫಲಾಹಾರ ಎಂಬ ದೊಡ್ಡ ಹೆಸರು ಬೇರೆ!

'ಇವತ್ತೊಂದು ಸಂಜೆ ನಾನು ಯಾರ ವಿಧವೆಯೂ ಅಲ್ಲ... ಬರೀ ಜಯಾ...' ಎಂದುಕೊಂಡು ಅವಳು ಆಫೀಸಿನ ಕನ್ನಡಿಯ ಮುಂದೆ ನಿಂತು, ಹಣೆಗೆ ಸಾಸಿವೆಯಷ್ಟು ಕುಂಕುಮ ಇಟ್ಟುಕೊಂಡು ಬಂದಿದ್ದಳು.

ಬಿಳಿ ಬಟ್ಟೆ ಹಾಸಿದ ಮೇಜು. ಎದುರು ಬದುರು ಇಬ್ಬರು. ನಡುವೆ ಚಾಕು, ಚಮಚ, ಮುಳ್ಳುಚಮಚಗಳ ಸಾಲು.

"ಅಯ್ಯೋ, ಇದನ್ನ ಹೇಗೆ ಹಿಡಿಯೋದು?"

"ನನಗೂ ಗೊತ್ತಿಲ್ಲ ಮಾರಾಯ್ರೆ! ನೀವು ಹೇಗೆ ಹಿಡಿತೀರೋ ನಾನೂ ಹಾಗೇ."

ಜಯಲಕ್ಷ್ಮಿ ನಕ್ಕುಬಿಟ್ಟಳು. ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ! ಅವನು ಕಣ್ಣು ಮಿಟುಕಿಸದೆ ಅವಳನ್ನೇ ನೋಡುತ್ತಿದ್ದ.

ವೇಟರ್ ಬಂದ. ವಿಷ್ಣುಮೂರ್ತಿ ತಮಿಳಿನಲ್ಲಿ, ತುಂಬ ಜಾಗ್ರತೆಯಿಂದ ವಿಚಾರಿಸಿದ. ಮೊಟ್ಟೆ ಇಲ್ಲ ತಾನೇ? ಈರುಳ್ಳಿ, ಬೆಳ್ಳುಳ್ಳಿ? ಸರಿ. ತನಗೆ ತರಕಾರಿ ಹಾಕಿ ಬೇಯಿಸಿದ ಅನ್ನ, ರಿಸೊಟ್ಟೊ. ಆಮೇಲೆ ದನಿ ತಗ್ಗಿಸಿ, "ಅವರಿಗೆ ಅನ್ನ ಬೇಡ. ರಾತ್ರಿ ಅವರು ಅನ್ನ ತಿನ್ನುವುದಿಲ್ಲ. ಗೋಧಿಯ ಮ್ಯಾಕರೋನಿ ಏನಾದರೂ ಕೊಡಿ," ಎಂದ.

ಜಯಲಕ್ಷ್ಮಿಯ ನಗು ಅಲ್ಲಿಗೇ ನಿಂತಿತು.

"ಏನಂದ್ರಿ ಅವನಿಗೆ?"

"ಎಂತ ಇಲ್ಲ... ನಿಮ್ಮ ನಿಯಮ ಕೆಡಬಾರದಲ್ಲ. ನಾನು ನಿಮ್ಮ ಆಫೀಸಿನವರ ಹತ್ರ ಎಲ್ಲ ಕೇಳಿ ತಿಳ್ಕೊಂಡೇ ಕರ್ಕೊಂಡು ಬಂದದ್ದು," ಎಂದ ಅವನು, ಒಳ್ಳೆಯ ಕೆಲಸ ಮಾಡಿದವನ ಹೆಮ್ಮೆಯಿಂದ. ಪಾಪ!

'ನಮ್ಮವರು ಯಾರೂ ಬಾರದ ಜಾಗಕ್ಕೆ ಬಂದೂ ನನಗೆ ಫಲಾಹಾರವೇ? ಇವರ ಕಣ್ಣಿಗೂ ನಾನು ಅಷ್ಟೇನಾ?'

"ನನ್ನ ಹಣೆ ನೋಡಿದ್ರಾ ನೀವು?" ಎಂದಳು ಅವಳು. "ಆಮಾ, ಹೌದು, ನಾನು ಗಂಡ ಸತ್ತವಳು. ಮನೇಲಿ ದಿನಾ ರಾತ್ರಿ ನೆನಪು ಮಾಡ್ತಾರೆ. ನೀವೊಬ್ಬರು ಮರೀತೀರಿ ಅಂತ ಬಂದೆ..."

"ಜಯಲಕ್ಷ್ಮೀ, ನಾನು ಹಾಗೆ..."

ಅವಳು ಎದ್ದೇಬಿಟ್ಟಳು. ಬೀದಿಗೆ ಬಂದು, ಅಂಗೈಯಿಂದ ಹಣೆ ಒರೆಸಿಕೊಂಡು ಬಸ್ಸು ಹತ್ತಿದಳು. ಅಮ್ಮ ಅಂಬುಜಮ್ಮ ಅವಲಕ್ಕಿ ನೆನೆಸಿಟ್ಟು ಕಾದಿದ್ದರು. ಜಯಲಕ್ಷ್ಮಿ ಅದನ್ನು ತಿಂದಳು. ಪ್ರತಿ ತುತ್ತಿಗೂ ಕಣ್ಣೀರು ಬರುತ್ತಿತ್ತು.

ಮಾರನೇ ದಿನದಿಂದ ಆಫೀಸಿಗೆ ಕಾಫಿ ತಂದವನು ಬೇರೆ ಯಾರೋ ಮಾಣಿ.

'ಪೀಡೆ ತೊಲಗಿತು ಅಂದುಕೊಂಡಿರಬೇಕು...' ಎಂದು ಅವಳು ಟೈಪ್‌ರೈಟರಿನ ಮೇಲೆ ಬಗ್ಗಿದಳು. ಬೇಸಿಗೆ ಕಳೆದು ಮಳೆ ಶುರುವಾಯಿತು. ಅವನು ಬರಲಿಲ್ಲ. ಎದುರಿನ ಹೋಟೆಲಿನ ಗಲ್ಲಾದಲ್ಲೂ ಕಾಣಲಿಲ್ಲ. ವಿಚಾರಿಸಲು ಅವಳಿಗೆ ಯಾವ ಹಕ್ಕಿತ್ತು, ಹೇಳಿ?

ಒಂದು ಶನಿವಾರ ಸಂಜೆ ಅವಳಿಗೆ ಮನೆಗೆ ಹೋಗಲು ಕಾಲೇ ಬರಲಿಲ್ಲ. ಮೌಂಟ್ ರೋಡಿನಲ್ಲಿ ಇಳಿದಳು. ಒಬ್ಬಳೇ ಒಳಗೆ ಹೋಗಿ ಕೂತು, ಧೈರ್ಯ ಮಾಡಿ ಇಂಗ್ಲಿಷಿನಲ್ಲಿ ರಿಸೊಟ್ಟೊ ಕೇಳಿದಳು.

ಅಕ್ಕಿ ನಡುವೆ ಗಟ್ಟಿಯಿತ್ತು. ಚೀಸಿನ ವಾಸನೆ ಮೂಗಿಗೆ ಹೊಡೆಯಿತು. ಆದರೂ ಅನ್ನ! ಗಂಡ ಹೋದ ಮೇಲೆ ಮೊದಲ ಸಲ ಹೊತ್ತು ಮುಳುಗಿದ ಮೇಲೆ ಅನ್ನ... ಆಕಾಶವೇನೂ ಕಳಚಿ ಬೀಳಲಿಲ್ಲ. ಬರೀ ಅಳು ಬಂತು.

"ಬೆಂದಿಲ್ಲ, ಅಲ್ವಾ?"

ಬೆಚ್ಚಿ ತಲೆ ಎತ್ತಿದಳು. ವಿಷ್ಣುಮೂರ್ತಿ! ಕೆನ್ನೆ ಬತ್ತಿ, ಗಡ್ಡ ಬೆಳೆದಿತ್ತು.

"ನೀವಾ... ಇಲ್ಲಿ?"

"ಶನಿವಾರ ಶನಿವಾರ ಬಂದು ಕೂರ್ತೇನೆ. ಕ್ಷಮಿಸಿ ಅಂತ ಹೇಳ್ಲಿಕ್ಕೆ ನಿಮ್ಮ ಆಫೀಸಿಗೆ ಬರುವ ಧೈರ್ಯ ಬರ್ಲಿಲ್ಲ. ಕೂರ್ಬಹುದಾ?"

ಅವಳು ತಲೆಯಾಡಿಸಿದಳು. ಅವನು ಎದುರಿನ ಕುರ್ಚಿ ಎಳೆದು ಕೂತ.

"ನನಗೊಬ್ಬಳು ಅಕ್ಕ ಇದ್ಲು, ಗುಣವತಿ. ನಿಮ್ಮ ಹಾಗೇ... ಚಿಕ್ಕ ಪ್ರಾಯದಲ್ಲೇ. ಊರಲ್ಲಿ ಒಂದು ಮದುವೆಮನೆಯಲ್ಲಿ ಯಾರೋ ಗೊತ್ತಿಲ್ಲದೆ ರಾತ್ರಿ ಅವಳಿಗೆ ಅನ್ನ ಬಡಿಸಿದ್ರು. ತುತ್ತು ಬಾಯಿಗಿಡುವಷ್ಟರಲ್ಲಿ ದೊಡ್ಡಮ್ಮ ಎಲೆ ಎಳೆದ್ರು. ಎಲ್ಲರೆದುರು! ಆಮೇಲೆ ಅವಳಿಗೆ ಯಾರಾದ್ರೂ ಬಡಿಸುವಾಗ ನಾನೇ ಮುಂದೆ ಹೋಗಿ ಹೇಳ್ತಿದ್ದೆ, ಅಕ್ಕನಿಗೆ ಅನ್ನ ಬೇಡ ಅಂತ. ಅವಳ ಮರ್ಯಾದೆ ಕಾದೆ ಅಂದ್ಕೊಂಡಿದ್ದೆ..."

ಅವನು ಮೇಜುಬಟ್ಟೆಯ ಅಂಚನ್ನು ಬೆರಳಲ್ಲಿ ಮಡಚಿದ.

"ಹೋದ ವರ್ಷ ಅವಳು ಹೋದ್ಲು. ನಿನಗೆ ಎಂತ ಬೇಕು ಅಂತ ಅವಳನ್ನ ಒಂದು ದಿನ ಕೇಳ್ಲಿಲ್ಲ ನಾನು. ನಿಮ್ಮನ್ನೂ ಕೇಳ್ಲಿಲ್ಲ."

ಜಯಲಕ್ಷ್ಮಿಯ ಸಿಟ್ಟೆಲ್ಲ ಎಲ್ಲಿ ಹೋಯಿತೋ! ಇವನು ತನ್ನನ್ನು ಕೀಳಾಗಿ ಕಂಡಿರಲಿಲ್ಲ. ತನ್ನ ಎಲೆಯನ್ನು ಯಾರಾದರೂ ಎಳೆದಾರು ಎಂದು ಹೆದರಿದ್ದ, ಅಷ್ಟೇ.

"ಹೋಟೆಲಲ್ಲಿ ನೀವು ಕಾಣಿಸಲೇ ಇಲ್ಲ..."

"ನಿಮ್ಮನ್ನ ಮದುವೆ ಆಗ್ಬೇಕು ಅಂತ ಮಾವನಿಗೆ ಹೇಳಿದೆ. ನನ್ನ ಜೊತೆ ಪಂಕ್ತಿಗೆ ಕೂರುದಿಲ್ಲ ಅಂದ್ರು. ಅಮ್ಮನೂ ಹಾಗೇ ಹೇಳಿ ಕಳಿಸಿದ್ರು. ಈಗ ತಾಂಬರಂನಲ್ಲಿ ಬೇರೆಯವರ ಹೋಟೆಲಲ್ಲಿ ಅಡುಗೆಗೆ ನಿಂತಿದ್ದೇನೆ."

"ಅಯ್ಯೋ ರಾಮಾ! ನನ್ನನ್ನ ಕೇಳದೇನೇ ಅಷ್ಟು ಮಾಡಿಬಿಟ್ರಾ?"

"ಅದೇ ನನ್ನ ರೋಗ," ಎಂದು ಅವನು ನಗಲು ನೋಡಿದ. ಆಗಲಿಲ್ಲ. "ಈಗ ಕೇಳ್ತೇನೆ. ನಿಮಗೆ ಎಂತ ಬೇಕು, ಜಯಾ? ನನ್ನ ಮುಖ ನೋಡಿ ಹೇಳುದು ಬೇಡ. ಎದ್ದು ಹೋಗ್ಬೇಕು ಅನ್ನಿಸಿದ್ರೆ ಬಸ್ಸಿನ ತನಕ ಬಂದು ಬಿಟ್ಟು ಬರ್ತೇನೆ."

ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ. ಇನ್ನು ಮುಂದೆ ತಲೆ ಎತ್ತಿ ಮಾತಾಡಿಸದ ಅಪ್ಪ ಕಣ್ಣ ಮುಂದೆ ಬಂದರು. ಬಾಗಿಲ ಹಿಂದೆ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುವ ಅಮ್ಮ ಬಂದರು. ಆ ಮನೆಯ ಹೊಸ್ತಿಲು ತನಗೆ ಮತ್ತೆ ಸಿಗುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ನನಗೆ... ಎಲ್ಲರ ಜೊತೆ ಕೂತು ಉಣ್ಣೋ ಮನೆ ಬೇಕು," ಎಂದಳು.

ವಿಷ್ಣುಮೂರ್ತಿಯ ಕಣ್ಣು ತುಂಬಿತು.

"ಎಲ್ಲರೂ ಅಂದ್ರೆ... ನಾವಿಬ್ಬರೇ ಇರ್ತೇವೆ, ಜಯಾ. ನಮ್ಮ ಮನೆಗೆ ಬೇರೆ ಯಾರೂ ಬರ್ಲಿಕ್ಕಿಲ್ಲ."

ಅವಳು ತನ್ನ ತಟ್ಟೆಯನ್ನು ಮೇಜಿನ ನಡುವಿಗೆ ತಳ್ಳಿದಳು.

"ಇಬ್ಬರಿದ್ದರೆ ಸಾಕು. ಉಣ್ಣಿ."