ಮಲ್ಪೆಯಲ್ಲಿ ತಿಂಡಿ ಬೇಡ ಎಂದವನು

ಕಾಲಡಿಯ ಮರಳು ಜಾರಿತು. ಪ್ರೇಮಲೀಲಾ ಕಿರುಚುತ್ತಾ ಪಕ್ಕದಲ್ಲಿದ್ದವರ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಅಲೆ ಹಿಂದೆ ಸರಿಯಿತು. ತಲೆಯೆತ್ತಿ ನೋಡಿದರೆ... ಅವನು!

ನಾಗಾರ್ಜುನ. ಎರಡು ತಿಂಗಳ ಹಿಂದೆ ಹಿನಕಲ್ಲಿನ ಅವಳ ಮನೆಗೆ ಹೆಣ್ಣು ನೋಡಲು ಬಂದು, ಅವಳೇ ಮಾಡಿದ ಕೇಸರಿಬಾತನ್ನು ಮುಟ್ಟದೆ ಎದ್ದು ಹೋದವನು.

"ಬಿದ್ಬುಡ್ತೀರ, ನಿಧಾನ..." ಎಂದ.

ಕೆಂಡ ಮುಟ್ಟಿದವಳಂತೆ ಅವಳು ಕೈ ಬಿಟ್ಟಳು. "ಬಿದ್ರೆ ಏಳೋಕೆ ನಂಗೆ ಬರುತ್ತೆ!"

ಹಿನಕಲ್ಲಿನವರೆಲ್ಲ ಸೇರಿ ಬಸ್ಸು ಮಾಡಿಕೊಂಡು ಮಲ್ಪೆಗೆ ಬಂದಿದ್ದರು. ಟೂರು ಹೊರಡಿಸಿದವರು ಪಕ್ಕದ ಬೀದಿಯ ರಮಾಮಣಿ. ವಿಜಯನಗರದಲ್ಲಿ ವೈರಿಂಗ್ ಕೆಲಸ ಮಾಡಿಸುವ ನಾಗಾರ್ಜುನ ಅವರ ಅಣ್ಣನ ಮಗ. ಅವನೂ ಬರುತ್ತಾನೆಂದು ಗೊತ್ತಿದ್ದರೆ ಅವಳು ಬಸ್ಸು ಹತ್ತುತ್ತಲೇ ಇರಲಿಲ್ಲ.

ಅತ್ತ ಅಜ್ಜಿ ಸಿದ್ದಲಿಂಗಮ್ಮ ಬಾಯಿಗೆ ಸಿಡಿದ ಅಲೆಯ ನೀರನ್ನು ಥೂ ಎಂದು ಉಗಿದು ಮುಖ ಕಿವಿಚಿದಳು.

"ಅಯ್ಯೋ ಶಿವನೇ! ಇಷ್ಟು ನೀರಿಗೆ ಉಪ್ಪು ಸುರಿದೋನು ಯಾವನವ್ವಾ? ಒಂದು ಗದ್ದೆಗೂ ಆಗಲ್ವಲ್ಲ!"

ಎಲ್ಲರೂ ನಕ್ಕರು. ಲೀಲಾಳಿಗೆ ನಗು ಬರಲಿಲ್ಲ. ಸೋಮವಾರ ನಂಜನಗೂಡಿನವರು ತಾಂಬೂಲ ಬದಲಿಸಿಕೊಳ್ಳಲು ಬರುತ್ತಿದ್ದರು. ಆ ಹುಡುಗನ ಮುಖವೂ ಅವಳಿಗೆ ಸರಿಯಾಗಿ ನೆನಪಿರಲಿಲ್ಲ. ನೆನಪಿದ್ದದ್ದು ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ ಈ ಕೈ...

ಲಾಡ್ಜಿನಲ್ಲಿ ಸ್ನಾನಕ್ಕೆ ಸಾಲು ನಿಂತಿತು. ಲೀಲಾ, ಅಜ್ಜಿ ಮೊದಲೇ ಸ್ನಾನ, ಪೂಜೆ ಮುಗಿಸಿ ಎದುರಿನ ಹೋಟೆಲಿಗೆ ಬಂದರು. ಬಿಸಿ ಗೋಳಿಬಜೆ, ಬಾಳೆಹಣ್ಣಿನ ಬನ್ಸ್, ಕಾಯಿಚಟ್ನಿ. ಅಜ್ಜಿ ಎರಡನೇ ಬನ್ಸಿಗೆ ಕೈ ಹಾಕುವ ಹೊತ್ತಿಗೆ ನಾಗಾರ್ಜುನ ಟವೆಲು ಹೆಗಲ ಮೇಲೆ ಹಾಕಿಕೊಂಡು, ಚೊಂಬು ಹಿಡಿದು ಬಾಗಿಲ ಮುಂದೆ ಹಾದುಹೋದ.

"ನಾಗಾ, ಬಾರೋ! ಬಿಸಿಬಿಸಿ ಇದೆ ಕಣೋ!" ಪಕ್ಕದ ಮೇಜಿನಿಂದ ರಮಾಮಣಿ ಕೂಗಿದರು.

"ನೀವು ತಿನ್ನಿ ಅತ್ತೆ. ಹೊಟ್ಟೆ ಸರಿಯಿಲ್ಲ."

ಲೀಲಾಳ ಕೈಯಲ್ಲಿದ್ದ ಬಜೆ ತಟ್ಟೆಗೆ ಬಿತ್ತು. ಅದೇ ಮಾತು! ಅವತ್ತೂ ಅಕ್ಷರ ತಪ್ಪದೆ ಇದನ್ನೇ ಹೇಳಿದ್ದ. ಹೆಣ್ಣಿನ ಮನೆಯಲ್ಲಿ ಸಿಹಿ ಮುಟ್ಟಲಿಲ್ಲ ಎಂದರೆ ಹೆಣ್ಣು ಒಪ್ಪಿಗೆಯಿಲ್ಲ ಎಂದೇ ಅರ್ಥ. ಅವರು ಬೇಡವೆಂದು ಹೇಳಿಕಳಿಸುವ ಮೊದಲೇ ಅಪ್ಪ ಚನ್ನಬಸವಯ್ಯ 'ಜಾತಕ ಕೂಡಲಿಲ್ಲ' ಎಂದು ತಾವೇ ಹೇಳಿಕಳಿಸಿದ್ದರು.

'ನಾನಿರೋ ಕಡೆ ಇವನಿಗೆ ಅನ್ನವೂ ಸೇರಲ್ವಾ?'

ಕಣ್ಣು ತುಂಬಿತು. ಅಜ್ಜಿಗೆ ಎಳನೀರು ತರುತ್ತೇನೆಂದು ಹೊರಗೆ ಬಂದಳು.

ಗುಡಾರದಂತೆ ಬಲೆ ಒಣಹಾಕಿದ್ದರು. ಅದರಾಚೆ ತೆಂಗಿನ ನೆರಳಲ್ಲಿ ಅವನು ಕೂತಿದ್ದ.

ಹಣೆಯ ತುಂಬಾ ವಿಭೂತಿ. ಎಡ ಅಂಗೈಯ ಮೇಲೆ ಇಷ್ಟಲಿಂಗ. ಪಕ್ಕದಲ್ಲಿ ಚೊಂಬು, ಮೈಸೂರಿನಿಂದ ತಂದ ಬಾಡಿದ ಬಿಲ್ವಪತ್ರೆ. ಮೀನು ಹೊತ್ತ ಹೆಂಗಸರು ಜೋರಾಗಿ ಮಾತಾಡುತ್ತಾ ಹಾದುಹೋದರೂ ಕಣ್ಣು ತೆರೆಯಲಿಲ್ಲ.

ಲೀಲಾ ಕದಲಲಿಲ್ಲ. ಲಿಂಗಪೂಜೆ ಆಗದೆ ಹನಿ ನೀರೂ ಕುಡಿಯದವರ ಮನೆಯಲ್ಲೇ ಅವಳೂ ಬೆಳೆದವಳು.

ಅವನು ಪೂಜೆ ಮುಗಿಸಿ, ಲಿಂಗವನ್ನು ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಳ್ಳುವವರೆಗೂ ಕಾದಳು.

"ಅವತ್ತೂ... ಪೂಜೆ ಆಗಿರ್ಲಿಲ್ವಾ?"

ಅವನು ಬೆಚ್ಚಿಬಿದ್ದ. ಹೌದೆಂದು ತಲೆ ತಗ್ಗಿಸಿದ.

"ಎದ್ದಿದ್ದೇ ಲೇಟು. ಅತ್ತೆ ಹೊರಡು ಹೊರಡು ಅಂತ ಎಳ್ಕೊಂಡು ಬಂದ್ಬುಟ್ರು. ನಿಮ್ಮಪ್ಪ ನೇಮದೋರು. ಅವರ ಮುಂದೆ ಪೂಜೆ ಬಿಟ್ಟು ಬಂದಿದ್ದೀನಿ ಅಂತ ಹೆಂಗೆ ಹೇಳ್ಲಿ? ಸೋಮಾರಿ ಅಂದ್ಕೊಳಲ್ವಾ?"

"ಒಂದು ಚಮಚ ತಿಂದಿದ್ರೆ ಯಾರಿಗೆ ಗೊತ್ತಾಗ್ತಿತ್ತು?"

"ನಂಗೆ ಗೊತ್ತಾಗ್ತಿತ್ತಲ್ಲ."

"ಆದ್ರೆ ಹೊಟ್ಟೆ ಸರಿಯಿಲ್ಲ ಅಂತ ಸುಳ್ಳು ಹೇಳ್ಬೋದಾ?"

ಅವನು ನಾಲಿಗೆ ಕಚ್ಚಿಕೊಂಡ. ಲೀಲಾ ಬೇಡವೆಂದರೂ ನಕ್ಕುಬಿಟ್ಟಳು.

"ನಾವು ಒಪ್ಪಿಗೆ ಅಂತ ಹೇಳಿಕಳ್ಸೋ ಅಷ್ಟ್ರಲ್ಲಿ ನಿಮ್ಮನೆಯಿಂದಲೇ ಬೇಡ ಅಂತ ಬಂತು," ಅವನ ಧ್ವನಿ ಕುಗ್ಗಿತು. "ನಾನೇ ನಿಮಗೆ ಇಷ್ಟ ಆಗಿಲ್ಲ ಅಂದ್ಕೊಂಡೆ."

ಎದೆಯೊಳಗೆ ಯಾರೋ ಕಟ್ಟೆ ಒಡೆದು ನೀರು ಬಿಟ್ಟಂತಾಯಿತು ಲೀಲಾಳಿಗೆ. ಈಗಲೂ ಸುಮ್ಮನಿದ್ದರೆ... ಸೋಮವಾರ ಬಂದುಬಿಡುತ್ತದೆ!

ಅಪ್ಪ ಪಂಚೆ ಎತ್ತಿಕಟ್ಟಿ, ಕೆರೆಗಿಳಿದ ಎಮ್ಮೆ ಕಾಯುವವರಂತೆ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದರು. ಲೀಲಾ ಸೀರೆ ನೆನೆಯುವುದನ್ನೂ ಲೆಕ್ಕಿಸದೆ ಅವರ ಬಳಿಗೆ ಹೋದಳು.

"ಅಪ್ಪಾ, ನಂಜನಗೂಡಿನೋರು ಬರೋದು ಬೇಡ."

"ಯಾಕವ್ವಾ? ಏನಾಯ್ತು?"

ಎಲ್ಲವನ್ನೂ ಹೇಳಿದಳು. ಚನ್ನಬಸವಯ್ಯ ದಡದಲ್ಲಿ ನಿಂತ ಹುಡುಗನತ್ತ ತಿರುಗಿದರು.

"ಏನಯ್ಯಾ!" ಎಂದು ಅಲ್ಲಿಂದಲೇ ಕೂಗಿದರು. "ಬಾಯಿಬಿಟ್ಟು ಹೇಳಿದ್ರೆ ದೇವರಮನೇನೇ ಬಿಟ್ಟುಕೊಡ್ತಿದ್ನಲ್ಲಯ್ಯಾ! ಹೊಟ್ಟೆ ನೋವಂತೆ! ನಿನಗೆ ಅಂತ ಜೀರಿಗೆ ಕಷಾಯಕ್ಕಿಟ್ಟಿದ್ಳು ನನ್ನ ಹೆಂಡ್ತಿ. ಕಾಯೋ ಅಷ್ಟ್ರಲ್ಲಿ ಹೊಂಟೇಬಿಟ್ಟೆ!"

ಆಮೇಲೆ ಮಗಳತ್ತ ತಿರುಗಿ ಮೆತ್ತಗೆ ಹೇಳಿದರು: "ನಾನೂ ದುಡುಕಿಬಿಟ್ಟೆ ಕಣವ್ವ. ಇವತ್ತೇ ನಂಜನಗೂಡಿಗೆ ಫೋನ್ ಮಾಡಿ ತಪ್ಪಾಯ್ತು ಅಂತ ಕೇಳ್ಕೋತೀನಿ."

ಮಧ್ಯಾಹ್ನ ಎಲ್ಲರೂ ದೋಣಿ ಹತ್ತಿ ದ್ವೀಪಕ್ಕೆ ಹೋದರು. ಯಾರೋ ಕಂಬ ಕಡಿದು ಜೋಡಿಸಿಟ್ಟಂತಹ ಕಪ್ಪು ಬಂಡೆಗಳು, ಸುತ್ತ ಹಸಿರು ನೀರು, ಕಾಲಿಗೆ ಚುಚ್ಚುವ ಚಿಪ್ಪು. ಅಜ್ಜಿ ಸೆರಗಿನ ತುಂಬಾ ಚಿಪ್ಪು ಆರಿಸಿಕೊಂಡಳು. ಲೀಲಾ ಬಂಡೆಯ ಮೇಲೆ ಕೂತಳು. ನಾಗಾರ್ಜುನ ತುಸು ದೂರ ಬಿಟ್ಟು ಕೂತ.

"ಇನ್ನೊಂದು ಸುಳ್ಳು ಉಳಿದಿದೆ ಕಣ್ರೀ," ಎಂದ.

ಅವಳು ತಟ್ಟನೆ ತಿರುಗಿದಳು. "ಏನು?"

"ಅತ್ತೆಗೆ ಜೊತೆ ಬೇಕು ಅಂತ ಹೇಳ್ಕೊಂಡು ಬಸ್ಸು ಹತ್ತಿದೆ. ಶ್ರೀಶೈಲಕ್ಕೇ ಒಬ್ಬರೇ ಹೋಗಿಬಂದೋರು ನಮ್ಮತ್ತೆ. ಮಲ್ಪೆಗೆ ನಾನ್ಯಾಕೆ ಬೇಕಿತ್ತು?"

"ಮತ್ಯಾಕೆ ಬಂದ್ರಿ?"

"ನೀವು ಬರ್ತೀರ ಅಂತ ಗೊತ್ತಾಯ್ತು. ದೂರದಿಂದ ಒಂದ್ಸಲ ನೋಡಿ ಹೋಗೋಣ ಅಂತ..."

ಲೀಲಾ ಸೆರಗು ಒಟ್ಟುಮಾಡಿಕೊಂಡು, ಅವನಿಗೆ ತಾಗುವಷ್ಟು ಪಕ್ಕಕ್ಕೆ ಸರಿದು ಕೂತಳು.

"ಅಷ್ಟು ದೂರದಿಂದ ಏನು ಕಾಣುತ್ತೆ?"